ಯಾರ ಮೂಗಿನ ನೇರಕ್ಕೆ?

2015ರ ಸೆಪ್ಟೆಂಬರ್, ಗಣೇಶನ ಹಬ್ಬಕ್ಕೆ ಇನ್ನೊಂದು ವಾರವಿತ್ತು. ನಮ್ಮ ಪಿ.ಟಿ. ಮೇಷ್ಟ್ರು ರಜೆ ಹಾಕಿದ್ದರಿಂದ ಅಂತರ ತರಗತಿ ಕಬಡ್ಡಿ ಪಂದ್ಯಕ್ಕೆ ಸೀಟಿ ಊದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದಾಳಿಗೆ ಬಂದವನ ಕಾಲು ಹಿಡಿಯಲು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಗ್ಗಿದ. ಬಂದವನ ಮೊಣಕಾಲು ನೇರವಾಗಿ ಇವನ ಮುಖಕ್ಕೆ ಬಡಿಯಿತು. ಒಣಕಡ್ಡಿ ಮುರಿದಂಥ ಸದ್ದು ನನಗೂ ಕೇಳಿಸಿತು. ಎರಡೂ ಹೊಳ್ಳೆಗಳಿಂದ ರಕ್ತ ಸುರಿಯತೊಡಗಿತು.

ಆಗ ನಾನು ಮಾಡಿದ್ದೇನು? ಹುಡುಗನನ್ನು ಕಟ್ಟೆಯ ಮೇಲೆ ಕೂರಿಸಿ, "ತಲೆ ಹಿಂದಕ್ಕೆ ಹಾಕು, ಆಕಾಶ ನೋಡು" ಎಂದೆ. ನೆತ್ತಿಗೆ ಒಂದು ತಂಬಿಗೆ ತಣ್ಣೀರು ಸುರಿಸಿದೆ. ಅಟೆಂಡರ್ ಈರುಳ್ಳಿ ಹೆಚ್ಚಿ ತಂದು ಮೂಗಿಗೆ ಹಿಡಿದ. ಅದಕ್ಕೂ ಸುಮ್ಮನಿದ್ದೆ. ಐದು ನಿಮಿಷದಲ್ಲಿ ಹುಡುಗ ರಕ್ತ ವಾಂತಿ ಮಾಡಿದಾಗ ಎಲ್ಲರೂ ಗಾಬರಿಯಾದೆವು. ಅದು ಹೊಟ್ಟೆಯಿಂದ ಬಂದ ರಕ್ತವಲ್ಲ, ತಲೆ ಹಿಂದಕ್ಕೆ ಹಾಕಿದ್ದರಿಂದ ಗಂಟಲಿಗಿಳಿದು ಹೊಟ್ಟೆ ಸೇರಿದ್ದ ರಕ್ತ. ರಕ್ತಪರಿಚಲನೆಯ ಪಾಠವನ್ನು ಇಪ್ಪತ್ತು ವರ್ಷ ಮಾಡಿದ್ದ ನನಗೆ ಅಷ್ಟೂ ಹೊಳೆಯಲಿಲ್ಲ.

ಸರಿಯಾದ ಕ್ರಮ ಇದಕ್ಕೆ ತೀರ ತದ್ವಿರುದ್ಧ. ಕೂತು ಸ್ವಲ್ಪ ಮುಂದಕ್ಕೆ ಬಾಗಬೇಕು. ಮೂಳೆಯ ಕೆಳಗಿರುವ ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ಬಾಯಿಯಿಂದ ಉಸಿರಾಡಬೇಕು. ಹತ್ತು ಹದಿನೈದು ನಿಮಿಷ ಬಿಡಬಾರದು. "ನಿಂತಿತೇ ನೋಡೋಣ" ಎಂದು ನಡುನಡುವೆ ಬೆರಳು ತೆಗೆದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮೂಗಿನ ಮೇಲಿಟ್ಟರೆ ಊತ ಹತೋಟಿಗೆ ಬರುತ್ತದೆ. ಮೂಗಿನಿಂದ ತಿಳಿನೀರಿನಂಥ ದ್ರವ ಒಸರುತ್ತಿದ್ದರೆ, ಎಚ್ಚರ ತಪ್ಪಿದರೆ, ರಕ್ತ ನಿಲ್ಲದೇ ಹೋದರೆ ಮನೆಮದ್ದಿನ ಮಾತೇ ಬೇಡ, ನೇರ ಆಸ್ಪತ್ರೆಗೆ. ಆ ತಿಳಿನೀರು ಮಿದುಳಿನ ಸುತ್ತ ಇರುವ ದ್ರವವೂ ಆಗಿರಬಹುದು.

ಇನ್ನೊಂದು ಅಪಾಯ ಹೊರಗೆ ಕಾಣುವುದಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗ ಮೃದ್ವಸ್ಥಿಯದು. ಈ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಮೈಗಂಟಿದ ತೆಳು ಹೊದಿಕೆಯೇ ಅದಕ್ಕೆ ಅನ್ನ ನೀರು ಒದಗಿಸುತ್ತದೆ. ಪೆಟ್ಟು ಬಿದ್ದು ಹೊದಿಕೆಗೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಂಡರೆ ಗೋಡೆಗೆ ಉಪವಾಸ. ಮೂರು ನಾಲ್ಕು ದಿನಗಳಲ್ಲೇ ಅದು ಕರಗತೊಡಗಬಹುದು, ಕೀವೂ ಆಗಬಹುದು. ಆಮೇಲೆ ಮೂಗಿನ ನಡುಭಾಗ ಕುದುರೆಯ ಜೀನಿನಂತೆ ಕುಸಿಯುತ್ತದೆ. ಆದ್ದರಿಂದ ಮೂಗಿಗೆ ಪೆಟ್ಟಾದ ಮಗುವಿನ ಮೂಗಿನೊಳಗೆ ವೈದ್ಯರು ಆ ದಿನವೇ ದೀಪ ಹಾಕಿ ನೋಡಬೇಕು. ರಕ್ತ ತುಂಬಿದ್ದರೆ ತಡಮಾಡದೆ ಹೊರತೆಗೆಯಬೇಕು. ನಮ್ಮ ಹುಡುಗನ ಪುಣ್ಯ, ಅವನಿಗೆ ಹಾಗಾಗಿರಲಿಲ್ಲ.

ಅವನ ತಂದೆಗೆ ಊರಿನಲ್ಲಿ ಹಿಟ್ಟಿನ ಗಿರಣಿ. ಆ ಸಂಜೆಯೇ ಮಗನನ್ನು ಒಂದು ದವಾಖಾನೆಗೆ ಕರೆದೊಯ್ದರು. ಎಕ್ಸ್-ರೇ ತೆಗೆದು "ಏನೂ ಆಗಿಲ್ಲ" ಎಂದರಂತೆ. ನಾನೂ ನಿಟ್ಟುಸಿರು ಬಿಟ್ಟೆ. ಆದರೆ ಮೂಗಿನ ವಿಷಯದಲ್ಲಿ ಎಕ್ಸ್-ರೇ ನಂಬಿಕಸ್ಥ ಸಾಕ್ಷಿಯಲ್ಲ. ಮೂಗಿನ ಮೇಲಿನ ಮೂರನೆಯ ಒಂದು ಪಾಲು ಮಾತ್ರ ಮೂಳೆ, ಉಳಿದದ್ದು ಮೃದ್ವಸ್ಥಿ. ಅದು ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಎಂದೋ ಆದ ಹಳೆಯ ಬಿರುಕು, ಮೂಳೆಗಳ ಸಹಜವಾದ ಕೂಡುಗೆರೆ ಇವೂ ದಾರಿ ತಪ್ಪಿಸುತ್ತವೆ. ಮುರಿದದ್ದನ್ನು ಗುರುತಿಸುವುದು ತಜ್ಞರ ಕಣ್ಣು ಮತ್ತು ಬೆರಳು. ಅದೂ ಊತ ಇಳಿದ ಮೇಲೆ. ಅದಕ್ಕೇ ಅವರು ಮೂರರಿಂದ ಐದು ದಿನ ಬಿಟ್ಟು ಮತ್ತೆ ಬರಹೇಳುತ್ತಾರೆ. ಇವರಿಗೆ ಹಾಗೆಂದು ಯಾರೂ ಹೇಳಲಿಲ್ಲ.

ಊತ ಇಳಿಯಿತು. ಹಬ್ಬದ ದಿನ ಗಣೇಶನ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದಾಗ ತಾಯಿಗೆ ಕಂಡಿತು, ಮಗನ ಮೂಗು ಎಡಕ್ಕೆ ವಾಲಿದೆ. ಹಬ್ಬ, ಗಿರಣಿಯ ಕೆಲಸ, ಭಾನುವಾರ ಎಂದು ಜಿಲ್ಲಾ ಕೇಂದ್ರದ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ದೊಡ್ಡವರಲ್ಲಿ ಮುರಿದ ಮೂಗಿನ ಮೂಳೆಯನ್ನು ಏಳರಿಂದ ಹತ್ತು ದಿನದೊಳಗೆ, ಹೆಚ್ಚೆಂದರೆ ಎರಡು ವಾರದೊಳಗೆ, ಚರ್ಮ ಕೊಯ್ಯದೆಯೇ ಒತ್ತಿ ಎತ್ತಿ ಜಾಗಕ್ಕೆ ಕೂಡಿಸಬಹುದು. ಮಕ್ಕಳ ಮೂಳೆ ಬೇಗ ಬೆಸೆಯುತ್ತದೆ, ಅವರಿಗೆ ಒಂದು ವಾರವೇ ಗಡುವು. ವೈದ್ಯರು ಪ್ರಯತ್ನಿಸಿದರು. ಅರಿವಳಿಕೆ ಕೊಟ್ಟು ಕೂಡಿಸಿ ಮೇಲೊಂದು ಪ್ಲಾಸ್ಟರ್ ಹಾಕಿದರು. ಅರ್ಧ ಸರಿಹೋಯಿತು. "ಉಳಿದದ್ದಕ್ಕೆ ಈಗ ಕೈ ಹಾಕುವುದಿಲ್ಲ. ಮೂಗು ಇನ್ನೂ ಬೆಳೆಯಬೇಕು, ಹದಿನೆಂಟಾಗಲಿ" ಎಂದರು. ನಡುಗೋಡೆ ಮೂಗಿನ ಬೆಳವಣಿಗೆಗೂ ಆಧಾರ. ಉಸಿರಾಟಕ್ಕೆ ತೀರ ತೊಂದರೆಯಿಲ್ಲದಿದ್ದರೆ ಹುಡುಗರಿಗೆ ಹದಿನೇಳು ಹದಿನೆಂಟರವರೆಗೆ ಕಾಯಿಸುವುದು ವಾಡಿಕೆ.

ಇಲ್ಲಿ ಪಾಲಕರು ಒಂದು ಮಾತು ತಿಳಿದಿರಬೇಕು. ಹೊತ್ತಿಗೆ ಸರಿಯಾಗಿ ಹೋದರೂ ಈ ಮೊದಲ ಚಿಕಿತ್ಸೆಯಿಂದ ಎಲ್ಲರ ಮೂಗೂ ನೆಟ್ಟಗಾಗುವುದಿಲ್ಲ. ಆಮೇಲೂ ವಕ್ರತೆ ಉಳಿಯುವವರು ನೂರಕ್ಕೆ 14ರಿಂದ 50 ಮಂದಿ ಎಂದು ವೈದ್ಯಕೀಯ ಬರಹಗಳು ಹೇಳುತ್ತವೆ. ಎಂಥ ದೊಡ್ಡ ಅಂತರ ನೋಡಿ! ಒಂದು ಕಾರಣ, ವಕ್ರತೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಾರೆ. ಇನ್ನೊಂದು ನಡುಗೋಡೆ. ಮೇಲಿನ ಮೂಳೆ ಕೂಡಿಸಿದರೂ ಒಳಗಿನ ಗೋಡೆ ಮುರಿದು ಮಡಿಚಿಕೊಂಡಿದ್ದರೆ ಮೂಗು ಅದರ ಹಿಂದೆಯೇ ಹೋಗುತ್ತದೆ. ಮೃದ್ವಸ್ಥಿಯ ಒಳಗೇ ಒಂದು ಬಿಗಿತ ಹುದುಗಿರುತ್ತದೆ. ಹಸಿ ಬಿದಿರನ್ನು ಸೀಳಿದಾಗ ಸೀಳು ತಾನಾಗಿ ಬಾಗುವುದನ್ನು ಮೇದರ ಕೇರಿಯಲ್ಲಿ ನೋಡಿದ್ದೀರಲ್ಲ, ಅಂಥದೇ. ಒಂದು ಮಗ್ಗುಲು ಹರಿದರೆ ಇನ್ನೊಂದು ಮಗ್ಗುಲು ತನ್ನ ಕಡೆಗೆ ಎಳೆಯುತ್ತದೆ.

ಮುಂದಿನ ನಾಲ್ಕು ವರ್ಷ ಹುಡುಗ ಬಾಯಿ ತೆರೆದೇ ಮಲಗಿದ. ಬೆಳಿಗ್ಗೆ ಎದ್ದರೆ ಗಂಟಲು ಒಣಗಿರುತ್ತಿತ್ತು. ತರಗತಿಯಲ್ಲಿ ಅವನಿಗೆ "ಸೊಟ್ಟಮೂಗ" ಎಂದು ಹೆಸರಿಟ್ಟಿದ್ದರು. ಒಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿ ಬೈದೆ. ಮರುದಿನದಿಂದ ನನ್ನ ಕಿವಿಗೆ ಬೀಳದಂತೆ ಕರೆಯತೊಡಗಿದರು, ಅಷ್ಟೇ. ಅವನು ಕಬಡ್ಡಿ ಬಿಟ್ಟ. ನಾನೂ ಸೀಟಿ ಬಿಟ್ಟೆ.

2019ರ ಬೇಸಗೆಯಲ್ಲಿ, ಎರಡನೆಯ ಪಿ.ಯು.ಸಿ. ಮುಗಿದ ಮೇಲೆ, ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಬಾಗಿದ ನಡುಗೋಡೆಯನ್ನು ನೆಟ್ಟಗೆ ಮಾಡಿ, ಸೊಟ್ಟಗೆ ಬೆಸೆದಿದ್ದ ಮೂಳೆಯನ್ನು ಲೆಕ್ಕಾಚಾರದಿಂದ ಮತ್ತೆ ಕತ್ತರಿಸಿ ಕೂಡಿಸುವುದು ಇದರ ಮುಖ್ಯ ಕೆಲಸ. ಒಂದು ವಾರ ಮೂಗಿನ ಮೇಲೆ ಪಟ್ಟಿ, ಕಣ್ಣಿನ ಕೆಳಗೆ ನೀಲಿ. ನಾನು ನೋಡಲು ಹೋದಾಗ ಮನೆಯಲ್ಲಿ ಆಗಲೇ ತೀರ್ಪುಗಳು ಹೊರಬಿದ್ದಿದ್ದವು. ವೈದ್ಯರು ಮೊದಲಿನ ಮತ್ತು ನಂತರದ ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿ, ಹುಬ್ಬಿನ ನಡುವಿನಿಂದ ಗಲ್ಲದವರೆಗೆ ಗೆರೆ ನೇರವಾಗಿದೆ, ಚೆನ್ನಾಗಿ ಬಂದಿದೆ ಎಂದಿದ್ದರು. ತಂದೆ ಖರ್ಚಾದ ಹಣದ ಮಾತಾಡಿದರು. ಅಜ್ಜಿಗೆ ಮೊಮ್ಮಗ ಮನೆಗೆ ಬಂದದ್ದೇ ಸಾಕು. ತಾಯಿ ಮಾತ್ರ ಕಾಫಿ ಲೋಟ ಕೈಗಿಡುತ್ತ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಮೊದಲು ಅವರಪ್ಪನ ಮೂಗೇ ಆಗಿತ್ತು. ಈಗ ಯಾರದೋ ಮೂಗು ಅಂಟಿಸಿದ ಹಾಗಿದೆ." ಹುಡುಗ ಏನೂ ಹೇಳಲಿಲ್ಲ. ಯಾರೂ ಅವನನ್ನು ಕೇಳಿರಲೂ ಇಲ್ಲ.

ಅವರವರ ಮೂಗಿನ ನೇರಕ್ಕೆ ಮಾತಾಡುವುದು ಎಂದರೆ ಇದೇ. ಪ್ರಶ್ನೆಯೇನೆಂದರೆ, ಮೂಗಿನ ಶಸ್ತ್ರಚಿಕಿತ್ಸೆ ಗೆದ್ದಿತೇ ಸೋತಿತೇ ಎಂದು ಹೇಳಬೇಕಾದವರು ಯಾರು?

ವೈದ್ಯರೂ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದಾರೆ. ಉತ್ತರ ರೋಗಿಯ ಬಾಯಿಂದಲೇ ಬರಬೇಕೆಂದು ಪ್ರಶ್ನಾವಳಿಗಳನ್ನು ಮಾಡಿದ್ದಾರೆ. 2004ರಲ್ಲಿ ಅಮೆರಿಕದಲ್ಲಿ ಬಂದ 'ನೋಸ್' ಎಂಬ ಮಾಪಕದಲ್ಲಿರುವುದು ಐದೇ ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ಮೂಗು ಬಿಗಿದಂತಿತ್ತೇ, ಕಟ್ಟಿಕೊಂಡಿತ್ತೇ, ಮೂಗಿನಿಂದ ಉಸಿರಾಡಲು ಕಷ್ಟವಾಯಿತೇ, ನಿದ್ದೆಗೆ ತೊಂದರೆಯಾಯಿತೇ, ಓಡುವಾಗ ದುಡಿಯುವಾಗ ಮೂಗಿನಿಂದ ಸಾಕಷ್ಟು ಗಾಳಿ ಸಿಗಲಿಲ್ಲವೇ? ತೊಂದರೆಯಿಲ್ಲದಿದ್ದರೆ 0, ವಿಪರೀತವಿದ್ದರೆ 4. ಒಟ್ಟು ಅಂಕವನ್ನು 5ರಿಂದ ಗುಣಿಸಿದರೆ ನೂರಕ್ಕೆ ಇಷ್ಟೆಂದು ಸಿಗುತ್ತದೆ. ಪರೀಕ್ಷೆಯ ಅಂಕದಂತಲ್ಲ, ಇಲ್ಲಿ ಹೆಚ್ಚಾದಷ್ಟೂ ಕೆಟ್ಟದ್ದು.

ಇದಕ್ಕೆ ನಾಲ್ಕು ವರ್ಷ ಮುಂಚೆ, 2000ದಲ್ಲಿ ಬಂದದ್ದು ಆರು ಪ್ರಶ್ನೆಗಳ ಇನ್ನೊಂದು ಪಟ್ಟಿ. ಅದು ರೂಪ, ಉಸಿರು ಎರಡನ್ನೂ ಕೇಳುತ್ತದೆ. ನಿಮ್ಮ ಮೂಗಿನ ಚಂದ ನಿಮಗೆ ಎಷ್ಟು ಒಪ್ಪಿಗೆ, ಉಸಿರಾಟ ಹೇಗಿದೆ, ಗೆಳೆಯರಿಗೂ ಮನೆಯವರಿಗೂ ನಿಮ್ಮ ಮೂಗು ಎಷ್ಟು ಮೆಚ್ಚುಗೆ ಎಂದು ನಿಮಗನ್ನಿಸುತ್ತದೆ, ಮೂಗಿನಿಂದಾಗಿ ನಾಲ್ಕು ಜನರ ನಡುವೆ ಹೋಗಲು ಹಿಂಜರಿಯುತ್ತೀರಾ, ಇದಕ್ಕಿಂತ ಚೆನ್ನಾಗಿ ಆಗಲಾರದೆಂಬ ನಂಬಿಕೆ ಇದೆಯೇ, ಮತ್ತೆ ಶಸ್ತ್ರಚಿಕಿತ್ಸೆ ಬೇಕೆನಿಸುತ್ತದೆಯೇ? ಒಂದೊಂದಕ್ಕೆ 4ರಂತೆ ಒಟ್ಟು 24. ಇಲ್ಲಿ ಹೆಚ್ಚಾದಷ್ಟೂ ಒಳ್ಳೆಯದು.

ಗಾಳಿಯ ಹರಿವನ್ನು ಅಳೆಯುವ ಯಂತ್ರವಿರುವಾಗ ರೋಗಿಯನ್ನೇಕೆ ಕೇಳಬೇಕು ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಹರಿವಿನ ಲೆಕ್ಕ ಮುಖ್ಯವೇ. ನೇರವಾದ ಕಿರುಕೊಳವೆಯಲ್ಲಿ ತ್ರಿಜ್ಯ ಅರ್ಧಕ್ಕಿಳಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಮೂಗು ಅಂಥ ನೇರ ಕೊಳವೆಯಲ್ಲ ನಿಜ, ಆದರೂ ಇಕ್ಕಟ್ಟಾದ ಜಾಗದಲ್ಲಿ ಸ್ವಲ್ಪ ಬಾಗಿದರೂ ಉಸಿರಿಗೆ ಭಾರವಾಗುವುದೇಕೆಂದು ಇದರಿಂದ ಊಹಿಸಬಹುದು. ತಮಾಷೆಯೆಂದರೆ, ನಮಗೆ ಗಾಳಿ ಹರಿಯುತ್ತಿದೆ ಎಂಬ ಅರಿವು ಬರುವುದು ಹರಿವಿನಿಂದಲೇ ಅಲ್ಲ, ತಂಪಿನಿಂದ. ಒಳಬರುವ ಗಾಳಿ ಮೂಗಿನ ಒಳಪೊರೆಯನ್ನು ತಣ್ಣಗೆ ಮಾಡಿದಾಗ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ನೆಗಡಿಯಾದಾಗ ಮೆಂಥಾಲ್ ಇರುವ ಮುಲಾಮಿನ ವಾಸನೆ ತೆಗೆದುಕೊಂಡರೆ "ಅಬ್ಬ, ಮೂಗು ಬಿಟ್ಟಿತು" ಎನ್ನಿಸುತ್ತದಲ್ಲ? ಅಳೆದು ನೋಡಿದರೆ ಹರಿವು ಹೆಚ್ಚಿರುವುದಿಲ್ಲ. ಮೆಂಥಾಲ್ ತಂಪಿನ ನರಗಳನ್ನು ಕೆಣಕಿರುತ್ತದೆ, ಅಷ್ಟೇ. ಹೀಗಾಗಿ ಯಂತ್ರ ತೋರಿಸುವ ಅಂಕಿಯೂ ರೋಗಿಯ ಅನುಭವವೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಇನ್ನೊಂದು ಪ್ರಯೋಗ ಮನೆಯಲ್ಲೇ ಮಾಡಿ. ತಣ್ಣಗಿರುವ ಸ್ಟೀಲ್ ತಟ್ಟೆಯೊಂದನ್ನು ಮೂಗಿನ ಕೆಳಗೆ ಅಡ್ಡಲಾಗಿ ಹಿಡಿದು ಬಾಯಿ ಮುಚ್ಚಿ ಉಸಿರು ಬಿಡಿ. ತಟ್ಟೆಯ ಮೇಲೆ ಎರಡು ಮಂಜಿನ ಮಚ್ಚೆ ಮೂಡುತ್ತವೆ. ಎರಡೂ ಒಂದೇ ಅಳತೆಯಲ್ಲಿರುವುದು ಅಪರೂಪ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದರೆ ಹಲವರಲ್ಲಿ ದೊಡ್ಡದು ಚಿಕ್ಕದಾಗಿ, ಚಿಕ್ಕದು ದೊಡ್ಡದಾಗಿರುತ್ತದೆ. ಆರೋಗ್ಯವಂತರ ಮೂಗಿನಲ್ಲೂ ಒಂದು ಹೊಳ್ಳೆ ತೆರೆದಾಗ ಇನ್ನೊಂದು ಅರೆ ಮುಚ್ಚಿ, ಹೀಗೆ ಪಾಳಿ ಬದಲಾಯಿಸುತ್ತಲೇ ಇರುತ್ತವೆ. ನಮಗೆ ಇದು ಗೊತ್ತೇ ಆಗುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾತ್ರ ದಿನವಿಡೀ ಮೂಗಿನ ಮೇಲೇ ಗಮನವಿಟ್ಟು, "ಎಡಗಡೆ ಮತ್ತೆ ಕಟ್ಟಿತು" ಎಂದು ಹೌಹಾರುತ್ತಾರೆ.

ಚಂದದ ವಿಷಯ ಇನ್ನೂ ನಾಜೂಕು. ಪೆಟ್ಟು ಬೀಳುವ ಮುಂಚೆ ತಮ್ಮ ಮೂಗನ್ನು ಸರಿಯಾಗಿ ನೋಡಿಕೊಂಡವರೆಷ್ಟು ಜನ? ಆಮೇಲೆ ನೋಡುವುದೇ ಕೆಲಸ. ಹುಟ್ಟಿನಿಂದ ಇದ್ದ ಓರೆಯೂ ಮುರಿತದ ಲೆಕ್ಕಕ್ಕೆ ಜಮೆಯಾಗುತ್ತದೆ. ಅದಕ್ಕೇ ತಜ್ಞರು ಹಳೆಯ ಫೋಟೋ ತನ್ನಿ ಎನ್ನುತ್ತಾರೆ. ಈ ಹುಡುಗನ ಏಳನೆಯ ತರಗತಿಯ ಗುಂಪು ಚಿತ್ರವನ್ನು ಶಾಲೆಯ ಕಪಾಟಿನಿಂದ ನಾನೇ ಹುಡುಕಿ ಕೊಟ್ಟಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಆಗಲೂ ಮೂಗಿನ ತುದಿ ಕೂದಲೆಳೆಯಷ್ಟು ಎಡಕ್ಕಿತ್ತು. ತಾಯಿ ನಂಬಲಿಲ್ಲ. ಕನ್ನಡಿಯದೂ ಒಂದು ಕಿತಾಪತಿ ಇದೆ. ಅದು ಎಡಬಲ ತಿರುಗಿಸಿ ತೋರಿಸುವುದರಿಂದ ನಾವು ಬಲ್ಲ ನಮ್ಮ ಮುಖ ಬೇರೆ, ಜನ ಬಲ್ಲ ನಮ್ಮ ಮುಖ ಬೇರೆ. ಮೂಗಿನ ಊತ, ಅದರಲ್ಲೂ ತುದಿಯದು, ಪೂರ್ತಿ ಇಳಿಯಲು ಒಂದು ವರ್ಷ ಬೇಕಾಗಬಹುದು. ಪಟ್ಟಿ ಬಿಚ್ಚಿದ ವಾರದಲ್ಲೇ "ತೃಪ್ತಿಯಾಯಿತೇ" ಎಂದು ಕೇಳುವುದು ನಾಟಿ ಮಾಡಿದ ಮರುದಿನ ಇಳುವರಿ ಕೇಳಿದ ಹಾಗೆ. ಹೊರಗಿನವರಿಗೆ ಕಾಣದಷ್ಟು ಸಣ್ಣ ಓರೆಯನ್ನೇ ಗಂಟೆಗಟ್ಟಲೆ ಕನ್ನಡಿಯಲ್ಲಿ ಹುಡುಕುವ ಮಕ್ಕಳೂ ಇರುತ್ತಾರೆ. ಅವರನ್ನು ಎರಡನೆಯ, ಮೂರನೆಯ ಶಸ್ತ್ರಚಿಕಿತ್ಸೆಗೆ ಓಡಿಸುವ ಮುನ್ನ ಮನೋವೈದ್ಯರ ಬಳಿ ಕರೆದುಕೊಂಡು ಹೋಗುವುದು ಒಳ್ಳೆಯದು. ಮೂಗಿನ ತಜ್ಞರೂ ಅದನ್ನೇ ಹೇಳುತ್ತಾರೆ.

ಮೂಗಿನ ಚಿಕಿತ್ಸೆಯಲ್ಲಿ ರೋಗಿಯನ್ನು ಕೇಳದಿರುವುದು ಇಂದು ನಿನ್ನೆಯದಲ್ಲ. ಟೀಪೂ ಸುಲ್ತಾನನೊಡನೆ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಗೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಸೇರಿಕೊಂಡ. ಇವನದು ಮುರಿದ ಮೂಗಲ್ಲ, ಕತ್ತರಿಸಿದ ಮೂಗು. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಇವನ ಹಣೆಯ ಚರ್ಮವನ್ನೇ ತಿರುಗಿಸಿ ಇಳಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಚಿತ್ರಸಮೇತ ಅದನ್ನು ಪ್ರಕಟಿಸಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಮಾಡಿ ನೋಡಿ, 1816ರಲ್ಲಿ ಪುಸ್ತಕ ಬರೆದ. ಹೊಸ ಮೂಗು ಗಟ್ಟಿಯಾಗಿದೆ, ಸಹಜ ಮೂಗಿನಂತೆಯೇ ಕಾಣುತ್ತದೆ ಎಂದು ಪತ್ರಿಕೆಯ ಆ ಬರಹ ಹೊಗಳುತ್ತದೆ. ಹಾಗೆಂದವರು ನೋಡಿದವರು. ಹೊತ್ತುಕೊಂಡವನು ಏನಂದನೆಂದು ಅದರಲ್ಲಿಲ್ಲ.

ನಮ್ಮ ಹುಡುಗನನ್ನು ನಾನು ಕೇಳಿದ್ದು 2020ರ ಡಿಸೆಂಬರಿನಲ್ಲಿ. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷ ಕಳೆದಿತ್ತು. ಕೊರೊನಾ ಕಾಲ, ಮುಖಗವಸು ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದ. "ಇದು ಮೊದಲೇ ಬಂದಿದ್ದರೆ ನಾಲ್ಕು ವರ್ಷ ಯಾರೂ ಮೂಗೇ ನೋಡ್ತಿರಲಿಲ್ಲ ಸಾರ್" ಎಂದು ನಕ್ಕ. ಎರಡೂ ಪ್ರಶ್ನಾವಳಿಗಳನ್ನು ಕನ್ನಡದಲ್ಲಿ ಬರೆದು ತಂದಿದ್ದೆ. ಐದು ಪ್ರಶ್ನೆಯದನ್ನು ವೈದ್ಯರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಮ್ಮೆ ತುಂಬಿಸಿದ್ದರು. ಆ ಹಾಳೆ ಅವನ ಫೈಲಿನಲ್ಲಿತ್ತು. ಆಗ 15, ಅಂದರೆ ನೂರಕ್ಕೆ 75. ಈಗ 3, ಅಂದರೆ 15. ನಿದ್ದೆಯ ಸಾಲಿನಲ್ಲಿ ಆಗ 4 ಇದ್ದದ್ದು ಈಗ 1. "ಬಾಯಿ ಮುಚ್ಚಿ ಮಲಗ್ತೀನಿ ಸಾರ್" ಎಂದ. ಅದನ್ನು ಹೇಳಿದ ರೀತಿ ರ‍್ಯಾಂಕ್ ಬಂದವನ ಹಾಗಿತ್ತು.

ಆರು ಪ್ರಶ್ನೆಯದಕ್ಕೆ ಯೋಚಿಸಿ ಬರೆದ. ಚಂದಕ್ಕೆ 2, ಉಸಿರಿಗೆ 4, ಮನೆಯವರ ಮೆಚ್ಚುಗೆಗೆ 3, ಜನರ ನಡುವಿನ ಓಡಾಟಕ್ಕೆ 4, ಇದಕ್ಕಿಂತ ಚೆನ್ನಾಗಿ ಆಗಲಾರದೆಂಬುದಕ್ಕೆ 2, ಕೊನೆಯದಕ್ಕೆ 3. ಒಟ್ಟು 18, ನೂರಕ್ಕೆ 75. "ಚಂದಕ್ಕೆ ಯಾಕೋ ಎರಡೇ?" ಎಂದೆ. "ಇನ್ನೂ ಚೂರು ಸೊಟ್ಟ ಇದೆ ಸಾರ್, ನನಗೆ ಗೊತ್ತು. ಇರಲಿ ಬಿಡಿ" ಎಂದ. ಆಮೇಲೆ ನನ್ನತ್ತ ನೋಡಿ, "ಅವತ್ತು ತಲೆ ಹಿಂದಕ್ಕೆ ಹಾಕಿಸಿದ್ದಕ್ಕೆ ಎಷ್ಟು ಅಂಕ ಸಾರ್?" ಎಂದು ಕೇಳಿದ. ಸೊನ್ನೆ ಎಂದೆ. ಒಪ್ಪಿಕೊಂಡ.

ಅಷ್ಟರಲ್ಲಿ ತಾಯಿ ಕಾಫಿ ತಂದರು. ಹಾಳೆಯನ್ನು ಕೈಗೆತ್ತಿಕೊಂಡು ಓದಿ, "ಇದರಲ್ಲಿ ನನ್ನನ್ನೇನೂ ಕೇಳಿಲ್ಲವಲ್ಲ" ಎಂದರು. ಮೂರನೆಯ ಪ್ರಶ್ನೆ ನಿಮ್ಮ ವಿಷಯವೇ ಎಂದು ತೋರಿಸಿದೆ. ಮಗ ಬರೆದಿದ್ದ 3ನ್ನು ನೋಡಿದರು. ನನ್ನ ಪೆನ್ನು ತೆಗೆದುಕೊಂಡು ಅದನ್ನು ಹೊಡೆದು ಹಾಕಿ 1 ಎಂದು ಬರೆದರು. ಪ್ರಶ್ನಾವಳಿಯನ್ನು ರೋಗಿಯೇ ತುಂಬಬೇಕಮ್ಮ ಎಂದು ನಾನು ಹೇಳುತ್ತಿದ್ದಂತೆಯೇ ಮಗನ ಮುಖದ ಕಡೆ ನೋಡಿದರು. ಅವನು ಮುಖಗವಸು ಗಲ್ಲಕ್ಕಿಳಿಸಿಕೊಂಡು ಕಾಫಿ ಕುಡಿಯುತ್ತಿದ್ದ. ಸ್ವಲ್ಪ ಹೊತ್ತು ನೋಡಿದ ಮೇಲೆ 1ನ್ನೂ ಹೊಡೆದು 2 ಮಾಡಿದರು. ಒಟ್ಟು 17, ನೂರಕ್ಕೆ 70.8.